ಕೊಡಗಿಗೆ ಮನೆ ಬದಲಾಯಿಸಿದಿರಾ? ಕುಂಡದ ಗಿಡ ಉಳಿಸಿಕೊಳ್ಳುವುದು ಹೀಗೆ

ಬೆಂಗಳೂರು, ಮೈಸೂರು ಕಡೆಯಿಂದ ಮಡಿಕೇರಿಗೆ ಬಂದು ನೆಲೆಸಿದವರಿಂದ ಆಗಾಗ ಕೇಳಿಬರುವ ಮಾತಿದು: ‘ಅಲ್ಲಿ ಬಾಲ್ಕನಿ ತುಂಬ ಗಿಡ ಇತ್ತು, ಇಲ್ಲಿಗೆ ಬಂದ ಮೇಲೆ ಒಂದೊಂದೇ ಹೋಗ್ತಿದೆ.’ ಸುತ್ತ ಇಷ್ಟು ಹಸಿರಿರುವ ಊರಲ್ಲಿ ಕೈಯಾರೆ ಸಾಕಿದ ಗಿಡ ಬಾಡುವುದನ್ನು ನೋಡಿದರೆ ಸಂಕಟವಾಗುತ್ತದೆ, ಅಲ್ವಾ?

ಹೆಚ್ಚಿನ ಮನೆಗಳಲ್ಲಿ ಆಗುವುದು ಇಷ್ಟೇ. ಬೆಳಕು ಕಡಿಮೆಯಾಗಿದೆ, ನೀರು ಮಾತ್ರ ಹಳೇ ಲೆಕ್ಕದಲ್ಲೇ ಬೀಳುತ್ತಿದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ. ಮಂಜು, ಮೋಡ, ತಣ್ಣನೆ ಗಾಳಿ. ಬಯಲುಸೀಮೆಯಲ್ಲಿ ಒಂದೇ ದಿನಕ್ಕೆ ಒಣಗುತ್ತಿದ್ದ ಕುಂಡ ಇಲ್ಲಿ ಮಳೆಗಾಲದಲ್ಲಿ ವಾರವಾದರೂ ಒದ್ದೆಯಾಗೇ ಇರುತ್ತದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಎಲೆ ಜೋಲು ಬೀಳುತ್ತದೆ. ಅದನ್ನು ಬಾಯಾರಿಕೆ ಅಂದುಕೊಂಡು ಇನ್ನೊಂದು ಚೊಂಬು ನೀರು ಹಾಕಿದರೆ ಗಿಡ ಮುಗಿದ ಹಾಗೇ.

ಮೊದಲ ಎರಡು ವಾರ: ಸುಮ್ನೆ ಬಿಡಿ

ಲಾರಿಯಿಂದ ಇಳಿಸಿದ ಗಿಡಗಳನ್ನು ನೇರ ಬಿಸಿಲು ಬೀಳದ, ಆದರೆ ಬೆಳಕು ಚೆನ್ನಾಗಿರುವ ಜಗಲಿಯಲ್ಲಿಡಿ. ಕುಂಡ ಬದಲಾಯಿಸಬೇಡಿ, ಗೊಬ್ಬರ ಹಾಕಬೇಡಿ, ದಿನಕ್ಕೊಂದು ಜಾಗಕ್ಕೆ ಎತ್ತಿಡಬೇಡಿ. ಆಲದ ಜಾತಿಯ ಫೈಕಸ್‌ನಂಥ ಗಿಡಗಳು ಜಾಗ ಬದಲಾದರೆ ಸಾಕು, ಹಸಿರೆಲೆಗಳನ್ನೇ ಉದುರಿಸುತ್ತವೆ. ಹೆದರಬೇಡಿ, ಹೊಸ ಬೆಳಕಿಗೆ ಒಗ್ಗಿಕೊಂಡ ಮೇಲೆ ಮತ್ತೆ ಚಿಗುರುತ್ತವೆ.

ನೀರಿಗೆ ವಾರದ ಪಟ್ಟಿ ಬೇಡ, ಬೆರಳು ಸಾಕು

ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ತೂರಿಸಿ. ತಂಪಾಗಿದ್ದು ಮಣ್ಣು ಅಂಟಿಕೊಂಡರೆ ನೀರು ಬೇಡ. ಒಣಗಿ ಉದುರಿದರೆ ಮಾತ್ರ, ತಳದ ತೂತಿನಿಂದ ಹರಿಯುವಷ್ಟು ಹಾಕಿ. ಕುಂಡದ ಕೆಳಗಿನ ತಟ್ಟೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಗೆದೇಬಿಡಿ. ಎರಡು ಇಟ್ಟಿಗೆ ಇಟ್ಟು ಕುಂಡವನ್ನು ಅದರ ಮೇಲೆ ಕೂರಿಸಿದರೆ ತೂತು ನೆಲಕ್ಕೆ ಅಂಟದೆ ನೀರು ಸರಾಗವಾಗಿ ಹೋಗುತ್ತದೆ.

ಒಂದು ಮಾತು ನೆನಪಿರಲಿ: ಕೊಡಗೆಂದರೆ ಎಲ್ಲ ಕಡೆ ಒಂದೇ ಹವೆಯಲ್ಲ. ಭಾಗಮಂಡಲದಲ್ಲಿ ಜಡಿಮಳೆ ಹಿಡಿದಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರಬಹುದು. ಕುಶಾಲನಗರದ ಕಡೆ ಮನೆ ಮಾಡಿದವರಿಗೆ ಬೇಸಿಗೆಯಲ್ಲಿ ನೀರು ಜಾಸ್ತಿಯೇ ಬೇಕಾಗುತ್ತದೆ. ಅಲ್ಲೂ ತೀರ್ಮಾನ ಬೆರಳಿನದೇ.

ಬಾಡಿದ ಗಿಡದ ಬೇರು ನೋಡಿ

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದೆಯೇ? ಆಗ ಎರಡು ವಾರ ಕಾಯುತ್ತಾ ಕೂರಬೇಡಿ. ಕುಂಡವನ್ನು ವಾಲಿಸಿ, ಬದಿಗೆ ತಟ್ಟಿ, ಗಿಡವನ್ನು ಮಣ್ಣಿನ ಹೆಂಟೆ ಸಮೇತ ಹೊರಗೆ ಜಾರಿಸಿ. ಒಳ್ಳೆಯ ಬೇರು ಸಾಮಾನ್ಯವಾಗಿ ಬಿಳಿಯಾಗಿ, ಗಟ್ಟಿಯಾಗಿ ಇರುತ್ತದೆ. ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ಚಿವುಟಿ ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿಯುತ್ತದೆ, ಕೆಸರಿನ ಕೆಟ್ಟ ವಾಸನೆ ಬರುತ್ತದೆ. ಕೊಳೆತ ಭಾಗವನ್ನೆಲ್ಲ ಶುಚಿಯಾದ ಕತ್ತರಿಯಿಂದ ತೆಗೆಯಿರಿ. ಬೇರು ಕಡಿಮೆಯಾದಷ್ಟು ಮೇಲಿನ ಎಲೆ, ಕೊಂಬೆಯನ್ನೂ ಕಡಿಮೆ ಮಾಡಿ. ಅದೇ ಹಳೇ ಮಣ್ಣಿಗೆ ಮಾತ್ರ ಮತ್ತೆ ನೆಡಬೇಡಿ.

ಹೊಸ ಮಣ್ಣಿಗೆ ಇಲ್ಲಿನ ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸಮಸಮ ಬೆರೆಸಿದರೆ ಸಾಕು. ನರ್ಸರಿಯಿಂದ ಬರುವ ಗಿಡಗಳಿಗೆ ಬಹಳ ಸಲ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿರುತ್ತಾರೆ. ಅದು ನೀರು ಹಿಡಿದಿಟ್ಟುಕೊಳ್ಳುವ ವಸ್ತು, ಒಣ ಊರಿಗೆ ಸರಿ, ಮಡಿಕೇರಿಯ ಜುಲೈ ತಿಂಗಳಿಗೆ ತಾಳುವುದಿಲ್ಲ. ತೋಟದಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಭವಾಗಿ ಸಿಗುತ್ತದೆಂದು ಹಸಿಯಾಗಿಯೇ ಹಾಕಬೇಡಿ. ಪೂರ್ತಿ ಕಾಂಪೋಸ್ಟ್ ಆದ ಮೇಲೇ ಅದು ಗೊಬ್ಬರ.

ಮಳೆಗೆ ಯಾವುದು ಒಳಗೆ, ಯಾವುದು ಹೊರಗೆ

ತುಳಸಿ, ಅಡೇನಿಯಂ, ಕಳ್ಳಿ ಜಾತಿಯ ಗಿಡಗಳು ಮಳೆಗಾಲದುದ್ದಕ್ಕೂ ಸೂರಿನಡಿಯೇ ಇರಲಿ. ತುಳಸಿಯ ವಿಷಯದಲ್ಲಿ ಎಷ್ಟೋ ಮನೆಗಳಲ್ಲಿ ಬೇಸರವಾಗುತ್ತದೆ. ಕಟ್ಟೆಯಲ್ಲಿಟ್ಟ ಗಿಡ ಆಟಿ ತಿಂಗಳು (ಜುಲೈ–ಆಗಸ್ಟ್) ಬರುವಷ್ಟರಲ್ಲಿ ಕಪ್ಪಾಗಿ ಬೋಳಾಗುತ್ತದೆ. ಕಟ್ಟೆಯ ಮೇಲೆ ಪಾರದರ್ಶಕ ಶೀಟ್ ಕಟ್ಟಿ, ಬೆಳಕೂ ಸಿಗುತ್ತದೆ, ಮಳೆಯೂ ತಪ್ಪುತ್ತದೆ. ಮೇ ತಿಂಗಳಲ್ಲೇ ಒಣಗಿದ ಕದಿರಿನಿಂದ ಬೀಜ ಉದುರಿಸಿ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಗಿಡ ಹೋದರೂ ಅದರ ಸಂತತಿ ಉಳಿಯುತ್ತದೆ.

ಜರಿಗಿಡ, ಬೆಗೋನಿಯಾ, ಆಂಥೂರಿಯಂಗೆ ಇಲ್ಲಿನ ತೇವದ ಗಾಳಿ ಹಿತ. ಹೈಡ್ರೇಂಜಿಯಾಗೂ ಅಷ್ಟೇ, ಕೊಡಗಿನ ಹುಳಿ ಮಣ್ಣಿನಲ್ಲಿ ಅದರ ಹೂವು ನೀಲಿಗೆ ತಿರುಗುವುದನ್ನು ನೋಡುವುದೇ ಒಂದು ಖುಷಿ. ಮಳೆ ಶುರುವಾದ ಮೇಲೆ ರಾತ್ರಿ ಟಾರ್ಚ್ ಹಿಡಿದು ಕುಂಡಗಳ ಅಡಿ, ಅಂಚು ನೋಡಿ. ಬಸವನಹುಳು ಕಂಡರೆ ಗ್ಲೌಸ್ ಹಾಕಿ ಹೆಕ್ಕಿ ತೆಗೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ.

ಸತ್ತಿತೆಂದು ಎಸೆಯುವ ಮುನ್ನ

ಕಾಂಡವನ್ನು ಉಗುರಿನಿಂದ ಮೆಲ್ಲಗೆ ಗೀರಿ. ಒಳಗೆ ಹಸಿರಿದ್ದರೆ ಜೀವ ಇದೆ. ಒಣಗಿದ ತುದಿ ಕತ್ತರಿಸಿ ಕಾಯಿರಿ, ಚಿಗುರು ಕಂಡ ಮೇಲಷ್ಟೇ ಗೊಬ್ಬರ ಹಾಕಿ. ಖಾಲಿಯಾದ ಕುಂಡಗಳಿಗೆ ಅಂಗಡಿಗೆ ಓಡುವ ಬದಲು ಪಕ್ಕದ ಮನೆಯವರ ಹತ್ತಿರ ದಾಸವಾಳ, ಹೈಡ್ರೇಂಜಿಯಾದ ಕಡ್ಡಿ ಕೇಳಿ. ಇಲ್ಲಿನ ಹವೆಗೆ ಆಗಲೇ ಒಗ್ಗಿದ ಗಿಡಗಳವು. ಜೂನ್‌ನ ಮೊದಲ ಮಳೆ ಬಿದ್ದ ಮೇಲೆ ನೆಡಿ. ಕಡ್ಡಿಯ ಎರಡು ಗೆಣ್ಣು (ಎಲೆ ಮೂಡುವ ಗಂಟು) ಮಣ್ಣೊಳಗೆ, ಎರಡು ಹೊರಗೆ ಇರಲಿ, ಹೊಸ ಎಲೆ ಬಂತೆಂದು ಕಿತ್ತು ಬೇರು ನೋಡಲು ಹೋಗಬೇಡಿ.