ಟೀ ಲೋಟದಲ್ಲಿ ಎಷ್ಟು ಕೆಫೀನ್? ಮನೆಯಲ್ಲೇ ಲೆಕ್ಕ ಹಾಕಿ ತಗ್ಗಿಸುವ ಬಗೆ

ಚಿಕ್ಕಮಗಳೂರಿನ ಕಡೆಯ ಮನೆಗಳಲ್ಲಿ ಯಾರಿಗಾದರೂ ರಾತ್ರಿ ನಿದ್ರೆ ಬಾರದಿದ್ದರೆ ಅಥವಾ ಎದೆ ಡವಗುಟ್ಟಿದರೆ ಹಿರಿಯರು ಮೊದಲು ಹೇಳುವ ಮಾತು, ಕಾಫಿ ಬಿಟ್ಟು ಟೀ ಕುಡಿಯಿರಿ ಎಂಬುದು. ಇದರಲ್ಲಿ ಸತ್ಯ ಅರ್ಧದಷ್ಟೇ ಇದೆ. ಟೀ ಎಲೆಯಿಂದ 1827ರಲ್ಲಿ ಬೇರ್ಪಡಿಸಿದ ಚೇತೋಹಾರಿ ವಸ್ತುವಿಗೆ ಆಗ ‘ಥೀನ್’ ಎಂದು ಹೆಸರಿಟ್ಟರಾದರೂ, ಅದು ಕಾಫಿಯಲ್ಲಿರುವ ಕೆಫೀನೇ ಹೊರತು ಬೇರೆಯಲ್ಲವೆಂದು 1838ರಲ್ಲಿ ಖಚಿತವಾಯಿತು. ಆದುದರಿಂದ ಟೀಗೆ ಬದಲಾಯಿಸಿಕೊಂಡ ಮಾತ್ರಕ್ಕೆ ಕೆಫೀನ್ ತಪ್ಪುವುದಿಲ್ಲ. ಎಷ್ಟು ಪುಡಿ ಹಾಕುತ್ತೇವೆ, ಹೇಗೆ ಕಾಯಿಸುತ್ತೇವೆ ಎಂಬುದರ ಮೇಲೆ ಅದು ನಿಂತಿದೆ.

ತೂಕಕ್ಕೆ ತೂಕ ಹೋಲಿಸಿದರೆ ಟೀಯೇ ಮುಂದು ಎಂಬುದು ಕಾಫಿ ಬೆಳೆಗಾರರಿಗೂ ಅಚ್ಚರಿಯ ಸಂಗತಿ. ಒಣಗಿದ ಟೀ ಎಲೆಯಲ್ಲಿ ನೂರಕ್ಕೆ 2ರಿಂದ 4ರಷ್ಟು ಕೆಫೀನ್ ಇದ್ದರೆ, ಅರೇಬಿಕಾ ಬೀಜದಲ್ಲಿ ಸುಮಾರು 1.2ರಷ್ಟು, ರೊಬಸ್ಟಾದಲ್ಲಿ ಅದರ ಹೆಚ್ಚುಕಡಿಮೆ ಇಮ್ಮಡಿ ಇರುತ್ತದೆ. ಲೋಟಕ್ಕೆ ಹಾಕುವ ಕಾಫಿಪುಡಿ ಟೀಪುಡಿಗಿಂತ ಹಲವು ಪಟ್ಟು ಹೆಚ್ಚಾದುದರಿಂದ ಕೊನೆಗೆ ಕಾಫಿಯ ಲೋಟವೇ ಗಟ್ಟಿಯಾಗುತ್ತದೆ. ಆದರೆ ನಮ್ಮ ಕಾಫಿಪುಡಿಗೆ ಚಿಕೋರಿ ಬೆರೆತಿರುತ್ತದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹೀಗಾಗಿ ಚಿಕೋರಿ ಹೆಚ್ಚಿರುವ ಅರೇಬಿಕಾ ಕಾಫಿಗೂ ಚೆನ್ನಾಗಿ ಕುದಿಸಿದ ಕಡುಟೀಗೂ ನಡುವಿನ ಅಂತರ ನಾವೆಣಿಸಿದಷ್ಟು ದೊಡ್ಡದಲ್ಲ.

ಲೆಕ್ಕ ಹಾಕಲು ಸೂಕ್ಷ್ಮ ತಕ್ಕಡಿ ಬೇಕಾಗಿಲ್ಲ, ಚಮಚದ ಅಳತೆಯನ್ನಂತೂ ನಂಬಬಾರದು, ಏಕೆಂದರೆ ಒಬ್ಬರ ಚಮಚ ತಲೆತಟ್ಟಾಗಿದ್ದರೆ ಇನ್ನೊಬ್ಬರದು ಗೋಪುರವಾಗಿರುತ್ತದೆ. ಟೀಪುಡಿಯ 250 ಗ್ರಾಂ ಪೊಟ್ಟಣವನ್ನು ಒಡೆದ ದಿನವನ್ನು ಅದರ ಮೇಲೆಯೇ ಬರೆದಿಡಿ. ಮುಗಿದ ದಿನ ಒಟ್ಟು ಎಷ್ಟು ಲೋಟ ಟೀ ಆಯಿತೆಂದು ಎಣಿಸಿ. ದಿನಕ್ಕೆ ಎಂಟು ಲೋಟದಂತೆ ಪೊಟ್ಟಣ 12 ದಿನ ಬಂದಿದ್ದರೆ 96 ಲೋಟವಾಯಿತು, ಅಂದರೆ ಲೋಟಕ್ಕೆ ಸುಮಾರು 2.6 ಗ್ರಾಂ ಪುಡಿ. ಗ್ರಾಂಗೆ 30 ಮಿಲಿಗ್ರಾಂ ಕೆಫೀನ್ ಎಂದು ಹಿಡಿದರೆ ಲೋಟಕ್ಕೆ 78 ಮಿಲಿಗ್ರಾಂ. ಇದು ಪುಡಿಯಲ್ಲಿದ್ದುದೆಲ್ಲ ನೀರಿಗೆ ಇಳಿದರೆ ಸಿಗುವ ಮೊತ್ತ. ಪುಡಿಯನ್ನು ಹಾಲಿನೊಡನೆ ಮತ್ತೆ ಮತ್ತೆ ಕುದಿಸುವ ಮನೆಗಳಲ್ಲಿ ನಿಜವಾದ ಪ್ರಮಾಣ ಇದರ ಹತ್ತಿರವೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಮೇಲಿನ ಲೆಕ್ಕದಲ್ಲಿ ಮೂರು ಲೋಟಕ್ಕೆ 234 ಆಯಿತು. ಜೊತೆಗೆ ಬೆಳಗಿನ ಒಂದು ಫಿಲ್ಟರ್ ಕಾಫಿ ಸೇರಿದರೆ ಮಿತಿ ದಾಟಿದಂತೆಯೇ. ಗರ್ಭಿಣಿಯರಿಗೆ ಮಿತಿ ಇನ್ನೂ ಕೆಳಗಿರಬೇಕು, 200ರೊಳಗೆ, ಏಕೆಂದರೆ ಆ ಕಾಲದಲ್ಲಿ ಕೆಫೀನ್ ದೇಹದಿಂದ ಹೊರಹೋಗುವುದು ಬಹಳ ನಿಧಾನ.

ತಗ್ಗಿಸುವ ಮೊದಲ ದಾರಿ ಪುಡಿಯನ್ನೇ ಕಡಿಮೆ ಮಾಡುವುದು. ರುಚಿ ತೆಳುವಾಯಿತೆನಿಸಿದರೆ ಶುಂಠಿ ಜಜ್ಜಿ ಹಾಕಿ, ಏಲಕ್ಕಿ ಸೇರಿಸಿ; ಮಲೆನಾಡಿನಲ್ಲಿ ಈ ಎರಡಕ್ಕೂ ಬರವಿಲ್ಲ, ಎರಡರಲ್ಲಿಯೂ ಕೆಫೀನ್ ಇಲ್ಲ. ಎರಡನೆಯದು ಪುಡಿಯ ಜಾತಿಯನ್ನು ಬದಲಿಸುವುದು. ನುಚ್ಚಿನಂತಿರುವ ಸಿಟಿಸಿ ಮತ್ತು ಡಸ್ಟ್ ಪುಡಿಗಳು ತಮ್ಮಲ್ಲಿರುವುದನ್ನೆಲ್ಲ ಬೇಗನೆ ಬಿಟ್ಟುಬಿಡುತ್ತವೆ, ಉದ್ದನೆಯ ಎಲೆಯ ಟೀ ನಿಧಾನವಾಗಿ ಬಿಡುತ್ತದೆ. ಎಲೆ ಟೀಯನ್ನು ಕುದಿಸಬೇಡಿ. ಕುದಿದ ನೀರನ್ನು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಎಲೆಯ ಮೇಲೆ ಸುರಿದು, ಮುಚ್ಚಿ, ಎರಡು ನಿಮಿಷಕ್ಕೆ ಸೋಸಿಬಿಡಿ. ಹೆಚ್ಚು ಹೊತ್ತು ನೆನೆದರೆ ಒಗರೂ ಏರುತ್ತದೆ, ಕೆಫೀನೂ ಏರುತ್ತದೆ. ಹಳೆಯ ಚರಟದ ಮೇಲೆಯೇ ಹೊಸ ಪುಡಿ ಉದುರಿಸಿ ದಿನವಿಡೀ ಕುದಿಸುವ ಪದ್ಧತಿ ಹೋಟೆಲಿಗೆ ಇರಲಿ, ಮನೆಗೆ ಬೇಡ.

ಬಣ್ಣ ನೋಡಿ ತೀರ್ಮಾನಿಸುವುದೂ ತಪ್ಪು. ಟೀಯ ಕಂದು ಬಣ್ಣ ಬರುವುದು ಎಲೆ ಹುದುಗುವಾಗ ಹುಟ್ಟುವ ಬೇರೆ ವಸ್ತುಗಳಿಂದ. ಕೆಫೀನಿಗೆ ಬಣ್ಣವೇ ಇಲ್ಲ. ಗ್ರೀನ್ ಟೀ ಕೂಡ ಅದೇ ಗಿಡದ ಎಲೆ. ಹುಳುಹುಪ್ಪಟೆಗಳಿಂದ ರಕ್ಷಿಸಿಕೊಳ್ಳಲು ಗಿಡ ತನ್ನ ಎಳೆಯ ಚಿಗುರಿನಲ್ಲಿಯೇ ಹೆಚ್ಚು ಕೆಫೀನ್ ತುಂಬಿಡುವುದರಿಂದ, ಸಕಲೇಶಪುರದ ಕಡೆಯ ಟೀ ತೋಟಗಳಲ್ಲಿ ಎರಡೆಲೆ ಒಂದು ಮೊಗ್ಗು ಎಂದು ಕೊಯ್ಯುವ ಭಾಗವೇ ಅತ್ಯಂತ ಚುರುಕಾದದ್ದು. ತೆಳು ಬಣ್ಣದ ದುಬಾರಿ ಚಿಗುರು ಟೀ ಸೌಮ್ಯವೆಂದು ಭಾವಿಸಿ ರಾತ್ರಿ ಕುಡಿದವರು ಮಗ್ಗಲು ಬದಲಿಸುತ್ತ ಮಲಗಬೇಕಾದೀತು. ಹಾಲು ಲೋಟದಲ್ಲಿ ಜಾಗ ಹಿಡಿಯುತ್ತದೆಯೇ ಹೊರತು ಕೆಫೀನನ್ನು ಕಟ್ಟಿಹಾಕುವುದಿಲ್ಲ. ಮೊದಲ ಅರ್ಧ ನಿಮಿಷದ ನೀರನ್ನು ಚೆಲ್ಲಿದರೆ ಕೆಫೀನೆಲ್ಲ ಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಹೋಗುವುದು ಸ್ವಲ್ಪ ಭಾಗ, ಅದರೊಡನೆ ಒಳ್ಳೆಯ ಪರಿಮಳ.

ಪ್ರಮಾಣದಷ್ಟೇ ಹೊತ್ತೂ ಮುಖ್ಯ. ಕುಡಿದ ಕೆಫೀನಿನ ಅರ್ಧ ದೇಹದಿಂದ ಹೋಗಲು ಆರೋಗ್ಯವಂತರಲ್ಲಿ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ 60 ಮಿಲಿಗ್ರಾಂ ಕುಡಿದವರ ಮೈಯಲ್ಲಿ ರಾತ್ರಿ ಹತ್ತಕ್ಕೂ 30 ಉಳಿದಿರುತ್ತದೆ. ನಿದ್ರೆಯ ತೊಂದರೆ ಇರುವವರು ಕೊನೆಯ ಲೋಟವನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಿ, ಸಂಜೆಗೆ ಮಜ್ಜಿಗೆಹುಲ್ಲಿನ ಅಥವಾ ಕೊತ್ತಂಬರಿ ಜೀರಿಗೆಯ ಕಷಾಯ ಮಾಡಿಕೊಳ್ಳಬಹುದು.

ಟೀ ಎಲೆಯಲ್ಲಿ ಕೆಫೀನಿನ ಒಡಹುಟ್ಟೊಂದಿದೆ, ಥಿಯೋಫಿಲಿನ್. ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ 1888ರಲ್ಲಿ ಟೀ ಎಲೆಯಿಂದಲೇ ಇದನ್ನು ಕಂಡುಕೊಂಡರು; ಶ್ವಾಸನಾಳಗಳನ್ನು ಸಡಿಲಿಸುವ ಗುಣದಿಂದಾಗಿ ಮುಂದೆ ಇದು ಅಸ್ತಮಾಕ್ಕೆ ಮಾತ್ರೆಯಾಯಿತು. ಮಳೆಗಾಲದಲ್ಲಿ ಉಬ್ಬಸ ಬಂದಾಗ ಬಿಸಿ ಕಡುಟೀ ಕುಡಿದರೆ ಸಾಕೆನ್ನುವವರಿದ್ದಾರೆ. ಆದರೆ ಮಾತ್ರೆಯಲ್ಲಿ ನೂರಾರು ಮಿಲಿಗ್ರಾಂ ಇರುವಾಗ ಲೋಟದಲ್ಲಿರುವುದು ಅತ್ಯಲ್ಪ. ಇನ್‌ಹೇಲರನ್ನು ಬದಿಗಿಟ್ಟು ಟೀ ಕುಡಿಯುವುದು ಅಪಾಯಕರ. ಈಗಾಗಲೇ ಥಿಯೋಫಿಲಿನ್ ಮಾತ್ರೆ ನುಂಗುತ್ತಿರುವವರು ಟೀ ಕಾಫಿಯನ್ನು ಹಿಡಿತದಲ್ಲಿಡಬೇಕು, ಏಕೆಂದರೆ ಕೆಫೀನ್, ಥಿಯೋಫಿಲಿನ್ ಎರಡನ್ನೂ ಯಕೃತ್ತಿನ ಒಂದೇ ಕಿಣ್ವ ಕರಗಿಸಬೇಕಾಗುತ್ತದೆ. ಸಿಪ್ರೊಫ್ಲಾಕ್ಸಸಿನ್ ಎಂಬ ಸಾಮಾನ್ಯ ಪ್ರತಿಜೀವಕ ಆ ಕಿಣ್ವದ ಕೆಲಸವನ್ನೇ ತಡೆಯುತ್ತದೆ. ಕೈ ನಡುಕ, ವಾಕರಿಕೆ, ಎದೆಬಡಿತದ ಏರುಪೇರು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ರಕ್ತಹೀನತೆ ಇರುವವರು ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಟೀ ಕುಡಿಯದಿರುವುದು ಲೇಸು. ಟೀಯ ಒಗರು ಅಂಶ ಕಬ್ಬಿಣವನ್ನು ಹೀರಿಕೊಳ್ಳಲು ಬಿಡದು.

ಪೂರ್ತಿ ಬಿಡಬೇಕೆಂದು ನಿರ್ಧರಿಸಿದವರು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಹಾಗೆ ಮಾಡಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ ಕೆಲವರಲ್ಲಿ ವಾರದವರೆಗೂ ಎಳೆಯುತ್ತದೆ. ಮೊದಲ ವಾರ ಸಂಜೆಯ ಲೋಟವನ್ನು ಬಿಡಿ, ಎರಡನೆಯ ವಾರ ಉಳಿದ ಲೋಟಗಳ ಪುಡಿಯನ್ನು ಅರ್ಧಕ್ಕೆ ಇಳಿಸಿ, ಬೆಳಗಿನ ಲೋಟವನ್ನು ಕೊನೆಗೆ ಇಟ್ಟುಕೊಳ್ಳಿ. ಹೊಸ ಪೊಟ್ಟಣದ ಮೇಲೂ ತಾರೀಕು ಬರೆದಿಟ್ಟರೆ, 12 ದಿನಕ್ಕೆ ಮುಗಿಯುತ್ತಿದ್ದುದು ಈಗ ಎಷ್ಟು ದಿನ ಬಂತೆಂಬುದು ತಾನಾಗಿ ಗೊತ್ತಾಗುತ್ತದೆ.