ಹೊಳೆದದ್ದು ಅರಿಶಿನವೇ

ಶನಿವಾರ ಚಿಂಚವಡದ ಕಾಕು ಮನೆಗೆ ಹೋದರೆ ಜೋಳದ ರೊಟ್ಟಿಯ ಜೊತೆಗೆ ಒಂದು ಪ್ರಶ್ನೆಯೂ ಇರುತ್ತಿತ್ತು. "ನೀ ಅರಿಷಿಣದ ಮ್ಯಾಲೇ ಕೆಲಸ ಮಾಡ್ತಿ. ನಾ ಶುಗರ್ ಗುಳಿಗಿ ಬಿಟ್ಟು ಅರಿಷಿಣದ ಹಾಲು ಕುಡದ್ರ ನಡೀತೈತೇನವಾ?" ಗುಳಿಗೆ ಬಿಡಬೇಡ ಅನ್ನುತ್ತಿದ್ದೆ, ಯಾಕೆಂದು ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ಪುಣೆಯ ಒಂದು ಪ್ರಯೋಗಾಲಯದಲ್ಲಿ ನನ್ನ ಪಿಎಚ್‌ಡಿ. ಗಣೇಶಖಿಂಡದ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತಂದ ಎಲ್6 ಕೋಶಗಳನ್ನು ಸಣ್ಣ ಕುಳಿಗಳ ಪ್ಲೇಟಿನಲ್ಲಿ ಬೆಳೆಸುತ್ತೇನೆ. ಇವು ಇಲಿಯ ಸ್ನಾಯುವಿನವು. ಶೇ 2ರಷ್ಟು ಕುದುರೆ ಸೀರಮ್ (ರಕ್ತದ ತಿಳಿ ದ್ರವ) ಹಾಕಿ ಸುಮಾರು ಒಂದು ವಾರ ಕಾದರೆ ಒಂದಕ್ಕೊಂದು ಬೆಸೆದು ಉದ್ದನೆಯ ಎಳೆಗಳಾಗುತ್ತವೆ. ಆ ದಿನ ಸೂಕ್ಷ್ಮದರ್ಶಕದ ಮುಂದಿನಿಂದ ಏಳಲು ಮನಸ್ಸೇ ಬರುವುದಿಲ್ಲ.

ನಾನು ಬೆನ್ನು ಹತ್ತಿರುವುದು ಎಎಂಪಿಕೆ ಎಂಬ ಕಿಣ್ವವನ್ನು. ಕೋಶದ ಶಕ್ತಿ ಹೆಚ್ಚಾಗಿ ಎಟಿಪಿ ಎಂಬ ಅಣುವಿನ ರೂಪದಲ್ಲಿ ಓಡಾಡುತ್ತದೆ. ಅದು ಖರ್ಚಾದಂತೆ ಅದರಿಂದ ಉಳಿಯುವ ಎಎಂಪಿ ಏರುತ್ತದೆ, ಕಿಣ್ವ ಎಚ್ಚರಗೊಳ್ಳುತ್ತದೆ. ಹಿಟ್ಟಿನ ಡಬ್ಬಿಯ ತಳ ಕಂಡಾಗ ಮನೆಯಲ್ಲಿ ಹೇಗೆ ಕೈ ಬಿಗಿ ಹಿಡಿಯುತ್ತಾರೋ ಹಾಗೆ ಅದು ಕೊಬ್ಬು, ಕೊಲೆಸ್ಟರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ, ಇದ್ದ ಕೊಬ್ಬನ್ನು ಉರಿಸಲು ಹಚ್ಚುತ್ತದೆ. ಸ್ನಾಯುವಿನಲ್ಲಿ ಗ್ಲೂಕೋಸ್ ಒಳಬಿಡುವ ಗ್ಲುಟ್4 ಎಂಬ ಬಾಗಿಲುಗಳನ್ನು ಹೊರಪೊರೆಗೆ ತರಿಸುತ್ತದೆ. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ಕರೆದರೂ ಆ ಬಾಗಿಲುಗಳು ಸಾಕಷ್ಟು ಬರುವುದಿಲ್ಲ. ಎಎಂಪಿಕೆಗೆ ಇನ್ಸುಲಿನ್‌ನ ಹಂಗಿಲ್ಲ. ಕಾಕು ನುಂಗುವ ಮೆಟ್‌ಫಾರ್ಮಿನ್ ಕೂಡ ಈ ಕಿಣ್ವವನ್ನು ಎಬ್ಬಿಸಬಲ್ಲದು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಸ್ನಾಯುಕೋಶಕ್ಕೆ ಗ್ಲೂಕೋಸ್ ಎಳೆಯುತ್ತದೆಯೇ ಎಂದು ನೋಡಲು 2-ಎನ್‌ಬಿಡಿಜಿ ಬಳಸಿದೆ. ಇದು ಹಸಿರಾಗಿ ಹೊಳೆಯುವ ಗ್ಲೂಕೋಸ್‌ನಂಥ ವಸ್ತು. ಕೋಶ ಎಷ್ಟು ಹೀರಿತೋ ಅಷ್ಟು ಹೊಳಪು. ಮೊದಲ ಸಲವೇ ಕರ್ಕ್ಯುಮಿನ್ ಕೊಟ್ಟ ಕೋಶಗಳು ಇನ್ಸುಲಿನ್ ಕೊಟ್ಟವನ್ನೂ ಮೀರಿಸಿ ಹೊಳೆದವು. ಸಂಜೆಯೇ ಕಾಕುಗೆ ಫೋನ್ ಮಾಡಿದೆ. ಹಾಗೆ ಮಾಡಬಾರದಿತ್ತು.

ಮರುದಿನ ನನ್ನ ಮಾರ್ಗದರ್ಶಕಿ ಮೇಡಂ ಕೇಳಿದ್ದು ಒಂದೇ ಮಾತು: "ಬಣ್ಣದ ಗ್ಲೂಕೋಸ್ ಹಾಕದೆ ಬರೀ ಕರ್ಕ್ಯುಮಿನ್ ಹಾಕಿದ ಕುಳಿ ಎಲ್ಲಿ?" ಇರಲಿಲ್ಲ. ಹಾಕಿ ನೋಡಿದರೆ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಹೊಳಪು! ನೀಲಿ ಬೆಳಕು ಬಿದ್ದರೆ ಕರ್ಕ್ಯುಮಿನ್ ತಾನೇ ಹಸಿರಾಗಿ ಹೊಳೆಯುತ್ತದೆ. ಕೋಶದ ಕೊಬ್ಬಿನ ಪೊರೆಯಲ್ಲಿ ಸೇರಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೂರು ತಿಂಗಳ ತಯಾರಿಯ ಮೇಲೆ ಅಳೆದದ್ದು ಅರಿಶಿನದ ಬಣ್ಣವನ್ನೇ. ಅದರ ಮೇಲೆ ಇನ್ನೊಂದು ತೊಡಕು. ಸೀರಮ್ ಇಲ್ಲದ ದ್ರಾವಣದಲ್ಲಿ, 37 ಡಿಗ್ರಿಯಲ್ಲಿ, ಅರ್ಧ ಗಂಟೆಯೊಳಗೆ ಸುಮಾರು ಶೇ 90ರಷ್ಟು ಕರ್ಕ್ಯುಮಿನ್ ಒಡೆದುಹೋಗುತ್ತದೆ.

ಅಲ್ಲಿಂದ ಕ್ರಮವನ್ನೇ ಬದಲಿಸಿದೆ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಪ್ರತಿ ಸಲ ಹೊಸದಾಗಿ ಕರಗಿಸಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿಡುತ್ತೇನೆ. ಹೊಳಪಿನ ಮೇಲೆ ನೆಚ್ಚಿಕೊಳ್ಳದೆ ಕೋಶಗಳನ್ನು ಒಡೆದು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಬೇರ್ಪಡಿಸಿ ಪಟ್ಟಿಗಳಾಗಿ ನೋಡುವ ವಿಧಾನ) ಮಾಡಿ, ಎಎಂಪಿಕೆಯ 172ನೇ ಅಮೈನೋ ಆಮ್ಲವಾದ ಥ್ರಿಯೋನಿನ್‌ಗೆ ಫಾಸ್ಫೇಟ್ ಅಂಟಿದೆಯೇ ಎಂದು ಪ್ರತಿಕಾಯದಿಂದ ಹುಡುಕುತ್ತೇನೆ. ಅಂಟಿದ್ದರೆ ಕಿಣ್ವ ಎಚ್ಚರಗೊಂಡಿದೆ ಎಂದರ್ಥ. ಪಕ್ಕದ ಸಾಲಿನಲ್ಲಿ ಈ ಕಿಣ್ವವನ್ನು ಖಚಿತವಾಗಿ ಎಬ್ಬಿಸುವ ಐಕಾರ್ ಎಂಬ ರಾಸಾಯನಿಕ ಇರುತ್ತದೆ. 10 ಮೈಕ್ರೋಮೋಲಾರ್ ಕರ್ಕ್ಯುಮಿನ್‌ಗೆ ಪಟ್ಟಿ ಮೂಡಿತು, ಐಕಾರ್‌ಗಿಂತ ತೆಳ್ಳಗೆ. ಅದು ನಿಜವಾದ ಪಟ್ಟಿ, ನನಗೆ ಅಷ್ಟು ಸಾಕು.

ಆ ಶನಿವಾರ ಕಾಕು ಮುಂದೆ ಚಮಚ ಇಟ್ಟುಕೊಂಡು ಲೆಕ್ಕ ಹಾಕಿದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಒಂದು ಚಮಚ ಪುಡಿಗೆ 100 ಮಿಲಿಗ್ರಾಂ ಸಹ ದಾಟುವುದು ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್, ಅಂದರೆ ಇಪ್ಪತ್ತಕ್ಕೂ ಹೆಚ್ಚು ಚಮಚ ಪುಡಿಯಲ್ಲಿರುವಷ್ಟು, ಕೊಟ್ಟರೂ ರಕ್ತದಲ್ಲಿ ಕಂಡದ್ದು ತೀರಾ ಅತ್ಯಲ್ಪ. ಕಾಳುಮೆಣಸಿನಲ್ಲಿರುವ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಹೀರಿಕೆ ಶೇ 2000ರಷ್ಟು ಏರಿತ್ತು.

"ಹಂಗಾರ ಮೆಣಸ ಹಾಕೇ ಕುಡೀತೀನಿ."

ಅಡುಗೆಯ ಮೆಣಸು ಸರಿ. ಆದರೆ ಪೈಪರಿನ್ ಹೆಚ್ಚಾದರೆ ಬೇರೆ ಔಷಧಗಳನ್ನು ಹೊರಹಾಕುವ ಯಕೃತ್ತಿನ ಕಿಣ್ವಗಳನ್ನೂ ತಡೆಯುತ್ತದೆ, ಆದ್ದರಿಂದ ಅರಿಶಿನ–ಮೆಣಸಿನ ಕ್ಯಾಪ್ಸೂಲ್ ಮಾತ್ರ ಡಾಕ್ಟರನ್ನು ಕೇಳದೆ ಬೇಡ ಅಂದೆ. ಕಾಕು ಗುಳಿಗೆಯ ಡಬ್ಬಿಯನ್ನು ಮತ್ತೆ ಊಟದ ಮೇಜಿಗೆ ತಂದಿಟ್ಟರು. ಅರಿಶಿನ ಸಾರಿನಲ್ಲಿ ಮೊದಲಿನಂತೆಯೇ ಇದೆ.

ಈಗ ಮರದರಿಶಿನ ಎಂಬ ಬೇರೆಯೇ ಗಿಡದ ಬರ್ಬೆರಿನ್ ಹಿಡಿದಿದ್ದೇನೆ. ಇದು ಕೋಶದಲ್ಲಿ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾದ ಮೊದಲನೇ ಪ್ರೋಟೀನ್ ಸಂಕೀರ್ಣವನ್ನು ತಡೆದು ಎಎಂಪಿಕೆಯನ್ನು ಎಬ್ಬಿಸುತ್ತದೆ. ಇದೂ ಹಳದಿ, ಇದೂ ಹೊಳೆಯುವಂಥದ್ದು. ಸೋಮವಾರದ ಪ್ಲೇಟಿನಲ್ಲಿ ಬರೀ ಬರ್ಬೆರಿನ್‌ನ ಸಾಲನ್ನು ಎಲ್ಲಕ್ಕಿಂತ ಮೊದಲು ಗುರುತು ಹಾಕಿಟ್ಟಿದ್ದೇನೆ.