ಬಾಜು ಮನೆ ಗಡಿಯಲ್ಲಿ ಗಿಡ ಹಚ್ಚುವ ಮುಂಚೆ ಮಣ್ಣು ನೋಡಿ

ನಮ್ಮ ಮನೆ ವಿಜಯಪುರದಲ್ಲಿ. ನಮ್ಮ ಅಂಗಳಕ್ಕೂ ಬಾಜು ಮನೆ ಕಾಕುವಿನ ಅಂಗಳಕ್ಕೂ ನಡುವೆ ಗೋಡೆ ಕಟ್ಟಲು ಇಬ್ಬರಿಗೂ ಮನಸ್ಸಿರಲಿಲ್ಲ. ಸೊಂಟದ ಮಟ್ಟಕ್ಕೆ ಒತ್ತಾಗಿ ಬೆಳೆಯುವ ಗಿಡ ಇದ್ದರೆ ಸಾಕು, ಈ ಕಡೆಯಿಂದ ಆ ಕಡೆ ಮಾತಾಡಬಹುದು, ನಾಯಿ ಮಾತ್ರ ನುಗ್ಗಬಾರದು ಅಂದುಕೊಂಡೆವು.

ಬೆಳಗಾವಿಯಲ್ಲಿ ಅಕ್ಕನ ಮನೆ ಮುಂದೆ ಕೆಂಪು ಹೂವಿನ ಇಕ್ಸೋರಾ (ಕೇಪಳ) ಗಿಡದ ಸಾಲು ನೋಡಿದ್ದೆ. ಅದನ್ನೇ ತಂದು ಹಚ್ಚಿದೆ. ಸ್ವಲ್ಪ ದಿನಕ್ಕೆ ಹೊಸ ಚಿಗುರೆಲ್ಲ ಹಳದಿ. ಎಲೆ ಕೈಯಲ್ಲಿ ಹಿಡಿದು ನೋಡಿದರೆ ನರಗಳಷ್ಟೇ ಹಸಿರು, ನಡುವೆಲ್ಲ ಬಣ್ಣ ಹೋಗಿದೆ. ನೀರು ಸಾಲುತ್ತಿಲ್ಲ ಅಂತ ಸುಮ್ನೆ ಇನ್ನಷ್ಟು ಸುರಿದೆ, ಇನ್ನೂ ಕೆಟ್ಟಿತು. ಇಕ್ಸೋರಾಕ್ಕೆ ಸ್ವಲ್ಪ ಹುಳಿ (ಆಮ್ಲೀಯ) ಮಣ್ಣು ಬೇಕು. ನಮ್ಮ ಎರಿ (ಕಪ್ಪು) ಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ, ಹಾಗಾಗಿ ಮಣ್ಣಲ್ಲಿ ಕಬ್ಬಿಣ ಇದ್ದರೂ ಅದರ ಬೇರಿಗೆ ಸಿಗುವುದಿಲ್ಲ. ಬೆಳಗಾವಿಯ ಕೆಂಪು ಮಣ್ಣು, ಅಲ್ಲಿನ ಮಳೆ, ಎರಡೂ ಬೇರೆ ಅಲ್ವಾ.

ಅದಕ್ಕೇ ಹೇಳುವುದು, ನರ್ಸರಿಯಲ್ಲಿ ಚೆಂದ ಕಂಡಿದ್ದನ್ನು ತರಬೇಡಿ. ವಿಜಯಪುರ, ಬಾಗಲಕೋಟೆ ಕಡೆ ಎರಿ ಮಣ್ಣಿದ್ದರೆ ನನ್ನ ಮೊದಲ ಆಯ್ಕೆ ಮೆಹಂದಿ ಗಿಡ. ಬಿಸಿಲು ಎಷ್ಟಿದ್ದರೂ ತಡೆದುಕೊಳ್ಳುತ್ತದೆ, ಬೇರೂರಿದ ಮೇಲೆ ನೀರು ಕಮ್ಮಿ ಸಾಕು, ಕತ್ತರಿಸಿದಷ್ಟೂ ಕವಲೊಡೆಯುತ್ತದೆ, ಹಬ್ಬಕ್ಕೆ ಕೈಗೆ ಹಚ್ಚಲು ಎಲೆಯೂ ಸಿಗುತ್ತದೆ. ಬೆಳಗಾವಿ ಕಡೆ ಕೆಂಪು ಮಣ್ಣಿದ್ದರೆ ಇಕ್ಸೋರಾ ಧೈರ್ಯವಾಗಿ ಹಚ್ಚಿ. ಹಳದಿ ಎಲೆಯ ಡ್ಯುರಾಂಟಾನೂ ಆಗುತ್ತದೆ, ಆದರೆ ಅದಕ್ಕೆ ಬಿಸಿಲು ಬೇಕು. ಮರದ ನೆರಳಲ್ಲಿ ಅದು ಹಸಿರಾಗಿ, ಉದ್ದುದ್ದ ಕಡ್ಡಿ ಬಿಟ್ಟು ತೆಳ್ಳಗಾಗುತ್ತದೆ.

ಸಣ್ಣ ಮಕ್ಕಳು, ಆಡು, ದನ ಓಡಾಡುವ ಕಡೆ ಕಣಗಿಲ ಬೇಡವೇ ಬೇಡ, ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಡ್ಯುರಾಂಟಾದ ಕಾಯಿಯೂ ವಿಷವೇ. ಹೂ ಬಿಡುವ ಮುಂಚೆ ಕತ್ತರಿಸುತ್ತಿದ್ದರೆ ಕಾಯಿ ಕಟ್ಟುವುದಿಲ್ಲ. ಲಂಟಾನಾ ಪುಕ್ಕಟೆ ಸಿಕ್ಕರೂ ತರಬೇಡಿ, ಹಕ್ಕಿ ಹಣ್ಣು ತಿಂದು ಬೀಜವನ್ನು ಊರೆಲ್ಲ ಹರಡುತ್ತದೆ.

ಹಚ್ಚಲು ಜೂನ್‌ನಲ್ಲಿ ಬರುವ ಮಿರಗದ (ಮೃಗಶಿರ) ಮಳೆಯೇ ಒಳ್ಳೆಯ ಸಮಯ. ಮೊದಲೇ ಗಡಿಯುದ್ದಕ್ಕೂ ಒಂದೂವರೆ ಫುಟ್ ಅಗಲ, ಅಷ್ಟೇ ಆಳದ ಕಾಲುವೆ ತೋಡಿ, ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ಮತ್ತೆ ತುಂಬಿ. ಗೆದ್ದಲಿದ್ದರೆ ಬೇವಿನ ಹಿಂಡಿಯೂ ಇರಲಿ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಆ ಬಿರುಕಲ್ಲಿ ಎಳೆ ಬೇರು ಹರಿದು ಒಣಗುತ್ತದೆ. ಬುಡಕ್ಕೆ ಒಣ ಎಲೆ, ಜೋಳದ ರವದಿ ಹೊದಿಸಿದರೆ ಬಿರಿಯುವುದು ಎಷ್ಟೋ ತಪ್ಪುತ್ತದೆ.

ಮೆಹಂದಿಗೆ ಸಸಿ ಕೊಳ್ಳಲೇಬೇಕಂತಿಲ್ಲ. ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಕಡ್ಡಿ ಕತ್ತರಿಸಿ, ಅರ್ಧ ಮಣ್ಣಲ್ಲಿ ಊರಿ. ಕೆಲವು ಹಿಡಿಯುವುದಿಲ್ಲ, ಅದಕ್ಕೆ ಜಾಸ್ತಿಯೇ ಹಚ್ಚಿಡಿ. ಒಂದೇ ಸಾಲು ಬೇಡ, ಎರಡು ಸಾಲು ಮಾಡಿ, ಗಿಡದಿಂದ ಗಿಡಕ್ಕೆ ಒಂದು ಫುಟ್, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರಬೇಕು. ಗಡಿಗೆರೆಯ ಮೇಲೇ ಹಚ್ಚುವುದಾದರೆ ಬಾಜುದವರನ್ನು ಕೇಳಿ, ಇಲ್ಲವಾದರೆ ಒಂದೂವರೆ ಫುಟ್ ಒಳಗೆ ಸರಿಯಿರಿ.

ಗಿಡ ಒಂದು ಫುಟ್ ಆದಾಗ ತುದಿ ಚಿವುಟಿ. ಕೈ ಹಿಂಜರಿಯುತ್ತದೆ, ಬೆಳೆಯಲಿ ಬಿಡು ಅನಿಸುತ್ತದೆ. ಆದರೆ ಈಗ ಚಿವುಟದಿದ್ದರೆ ಮೇಲೆ ಪೊದೆ, ಬುಡ ಬೋಳು, ನಾಯಿಗೆ ಅಲ್ಲೇ ದಾರಿ. ಮುಂದೆ ಕತ್ತರಿ ಹಾಕುವಾಗಲೂ ಬುಡ ಅಗಲ, ತಲೆ ಸ್ವಲ್ಪ ಕಿರಿದು ಇರಲಿ, ಆಗ ಕೆಳಗಿನ ಎಲೆಗೂ ಬಿಸಿಲು ಬೀಳುತ್ತದೆ. ನಮ್ಮ ಕಡೆ ನಾನು ಕತ್ತರಿಸುತ್ತೇನೆ, ಆ ಕಡೆ ಕಾಕು ಕತ್ತರಿಸುತ್ತಾರೆ, ಮೇಲಿನದ್ದಕ್ಕೆ ಒಂದು ಹಗ್ಗ ಎಳೆದು ಕಟ್ಟಿಕೊಂಡು ಇಬ್ಬರೂ ಸೇರಿ ಮಾಡುತ್ತೇವೆ.